ಟೇಪಿನ ಸುಯ್ ಸದ್ದಿನಲ್ಲಿ ಅಮ್ಮನ ದನಿ

"ಆ ಮೆಷಿನ್ ನಿಲ್ಲಿಸಿ. ನನ್ನ ಅಮ್ಮ ಹಾಡಿದ್ದು ಸಾಕು."

ರೋಸಲಿನ್ ಸಿಟ್ಟಿನಿಂದ ಹೇಳಿದಳು.

ಸಂತೆಕಟ್ಟೆಯ ಅವಳ ಮನೆಯ ಚಾವಡಿಯಲ್ಲಿ ಲಿಯೋನೆಲ್ ಟೇಪ್ ರೆಕಾರ್ಡರಿನ ಮುಂದೆ ಕುಳಿತಿದ್ದ. ಬೊಂಬಾಯಿಯಲ್ಲಿ ರೇಡಿಯೊ ರಿಪೇರಿ ಕಲಿತು, ಅರವತ್ತೇಳರ ಆ ಬೇಸಗೆಯಲ್ಲಿ ಊರಿಗೆ ಮರಳಿದವನು. ಅವಳು ಅವನನ್ನು ಮೊದಲ ಸಲ ನೋಡಿದ್ದೇ ಆ ಬೆಳಿಗ್ಗೆ.

ಅಮ್ಮ ಬರ್ತಾಬಾಯಿಯ ಗಂಟಲಲ್ಲಿ ಗಡ್ಡೆ. ಮರುದಿನ ಮಣಿಪಾಲದಲ್ಲಿ ಆಪರೇಶನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು ಡಾಕ್ಟರು. ಮದುವೆಮನೆಗಳಲ್ಲಿ ಕೊಂಕಣಿ ಹಾಡು ಹೇಳುತ್ತಿದ್ದ ಆ ದನಿ ಇನ್ನು ಕೇಳಿಸದು... ಅದಕ್ಕೇ ಅದನ್ನು ಟೇಪಿನಲ್ಲಿ ಹಿಡಿಯಲು ಅಪ್ಪ ಲಿಗೋರಿ ಇವನನ್ನು ಕರೆಸಿದ್ದರು.

"ಟೇಪಿನಲ್ಲಿ ಸುಯ್ ಎನ್ನುವ ಸದ್ದೇ ಜಾಸ್ತಿ ಉಂಟು," ಎಂದ ಲಿಯೋನೆಲ್. "ಮೈಕ್ ಬಾಯಿ ಹತ್ತಿರ ಇಟ್ಟು ಇನ್ನೊಮ್ಮೆ ಹಾಡಬೇಕು."

"ಕಿಟಕಿ ಮುಚ್ಚಿಸಿದಿರಿ. ಸ್ಪಿರಿಟ್ ಹಚ್ಚಿ ಮೆಷಿನ್ ಒರೆಸಿದಿರಿ. ಇನ್ನೆಂತ ಬೇಕು ನಿಮಗೆ?"

"ಇನ್ನೊಂದೇ ಸಲ."

"ಅವರ ನೋವು ಕಾಣುವುದಿಲ್ಲವಾ?"

ಅವನು ಮೈಕನ್ನು ಮುಂದೆ ಸರಿಸಿದ. ಬರ್ತಾ ಮಗಳ ಕೈ ಸರಿಸಿ, ಮೈಕಿಗೆ ತುಟಿ ತಾಗುವಷ್ಟು ಬಾಗಿ ಹಾಡಿದರು. ಹಾಡು ಮುಗಿದದ್ದೇ ಕೆಮ್ಮು ಬಂತು. ಟವೆಲಿನಲ್ಲಿ ರಕ್ತ.

"ಹೊರಗೆ ನಡೆಯಿರಿ," ಎಂದಳು ರೋಸಲಿನ್.

'ಮನುಷ್ಯನಾ ಇವನು? ಮೆಷಿನ್ ಬಿಟ್ಟರೆ ಬೇರೆ ಚಿಂತೆಯೇ ಇಲ್ಲವಾ...'

ಬರ್ತಾ ಬದುಕಿದರು. ದನಿ ಹೋಯಿತು. ಮನೆಯ ಮೌನ ಕಿವಿಗೆ ಬಡಿದಾಗಲೆಲ್ಲ ರೋಸಲಿನ್ ಅವನನ್ನು ಶಪಿಸಿದಳು.

ಅಮ್ಮ ಮನೆಗೆ ಬಂದು ಕೆಲವು ವಾರಗಳ ಮೇಲೆ ಲಿಯೋನೆಲ್ ಮೆಷಿನ್ ಹೊತ್ತು ಬಂದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮ ಟೇಪು ನಮಗೆ ಬೇಡ."

ಒಳಗಿನಿಂದ ಚಪ್ಪಾಳೆ ಕೇಳಿಸಿತು. ಬರ್ತಾ ಕೈಸನ್ನೆ ಮಾಡಿ ಅವನನ್ನು ಒಳಗೆ ಕರೆದರು.

ಟೇಪು ತಿರುಗಿದಾಗ ಮೊದಲು ಬಂದದ್ದು ಸುಯ್ ಸದ್ದಿನೊಳಗೆ ಮುಳುಗಿದ, ದೂರದ ದನಿ. ನಂತರ ಕೊನೆಯ ಸಲದ ಹಾಡು... ಸುಯ್ ಸದ್ದು ಎಲ್ಲೋ ಅಡಿಯಲ್ಲಿ ಉಳಿದಿತ್ತು. ಅಮ್ಮ ಮಾತ್ರ ಪಕ್ಕದಲ್ಲೇ ಕುಳಿತು ಹಾಡಿದಂತಿತ್ತು. ಉಸಿರು ಎಳೆದುಕೊಂಡದ್ದೂ ಕೇಳುತ್ತಿತ್ತು.

ಬರ್ತಾ ಕಣ್ಣು ಮುಚ್ಚಿ ಕೇಳಿದರು. ರೋಸಲಿನ್ ಅಂಗಳಕ್ಕೆ ಓಡಿದಳು. ಲಿಯೋನೆಲ್ ಹಿಂದೆಯೇ ಬಂದ.

"ಯಾಕೆ ಹಾಗೆ ಹಟ ಮಾಡಿದಿರಿ?" ಅಳುತ್ತಲೇ ಕೇಳಿದಳು.

"ನನ್ನ ಅಮ್ಮನ ಹಾಡನ್ನೂ ಹಿಡಿದಿದ್ದೆ. ದೂರದಿಂದ. ಆಮೇಲೆ ಸುಯ್ ಸದ್ದು ತೆಗೆಯಲು ಟ್ರೆಬಲ್ ತಿರುಗಿಸಿ ಮೇಲಿನ ಸ್ವರ ಇಳಿಸಿದೆ. ಕಂಬಳಿ ಹೊದ್ದು ಹಾಡಿದ ಹಾಗೆ ಆಯಿತು. ಒಂದು ಶಬ್ದವೂ ತಿಳಿಯುವುದಿಲ್ಲ. ಇನ್ನೊಮ್ಮೆ ಹಾಡಿಸೋಣ ಎಂದರೆ... ಅವರೇ ಇರಲಿಲ್ಲ."

"ಅವತ್ತೇ ಹೇಳಬಹುದಿತ್ತಲ್ವಾ?"

"ಹೇಳಲು ಹೋದರೆ ಅಳು ಬರುತ್ತಿತ್ತು. ಬರ್ತಾಬಾಯಿಯ ಎದುರು ಅಳಬಾರದಿತ್ತು."

ರೋಸಲಿನ್ ಕಣ್ಣು ಒರೆಸಿಕೊಂಡಳು.

"ದಿನವೂ ನಿಮ್ಮನ್ನು ಬೈದಿದ್ದೇನೆ," ಎಂದಳು ಕೊನೆಗೆ. "ಬೈದು ಬೈದು... ನಿಮ್ಮ ನೆನಪಿಲ್ಲದೆ ಒಂದು ದಿನವೂ ಹೋಗಲಿಲ್ಲ."

"ನನಗೂ ಹಾಗೆಯೇ, ರೋಸಲಿನ್. ಅವತ್ತು ಹೊರಗೆ ನಡೆಯಿರಿ ಎಂದ ನಿಮ್ಮ ಮುಖ... ಅದನ್ನು ನೋಡಲೆಂದೇ ಬಂದೆ. ನಾಳೆಯೂ ಬರಲಾ?"

"ಬನ್ನಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಇಳಿಯುವವರೆಗೂ ಬರುತ್ತೇನೆ."

"ಇಳಿದ ಮೇಲೆ?" ಅವಳು ಮೆಲ್ಲನೆ ಕೇಳಿದಳು.

"ಆಮೇಲೆ ಹೋಗುವುದೇ ಇಲ್ಲ."