ಕುಂಕುಮ ಮೆತ್ತಿದ ಡ್ರೈವ್

ಆರು ವರ್ಷ ಕಾದಿದ್ದೆ. ಸುಗುಣಾ ಬಾಲಿಗಂಜ್‌ನ ನನ್ನ ರಿಪೇರಿ ಅಂಗಡಿಗೆ ಬಂದು, ಕೈಚೀಲದಿಂದ ಬ್ಯಾಕಪ್ ಡ್ರೈವ್ ತೆಗೆದು ಕೌಂಟರ್ ಮೇಲಿಟ್ಟಾಗ ನನಗೆ ಖುಷಿಯಾಯಿತು. ಒಳ್ಳೆಯ ಖುಷಿ ಅಲ್ಲ. ಸಿಕ್ಕಿಬಿದ್ದಳು ಅನ್ನುವ ಖುಷಿ.

"ಯಾವ ಕಂಪ್ಯೂಟರೂ ಇದನ್ನು ಗುರುತೇ ಹಿಡಿಯುವುದಿಲ್ಲ," ಅಂದಳು.

"ಕೆಲವರಿಗೆ ಆ ರೋಗ ಉಂಟು. ಎದುರಿಗೆ ಕೂತವರೂ ಕಾಣುವುದಿಲ್ಲ."

ಅವಳ ಎಡ ಹುಬ್ಬು ಮೇಲೆ ಹೋಯಿತು. ಬಲದ್ದು ಅಲ್ಲೇ ನಿಂತಿತು. ಅವಳಿಗೆ ಮೂವತ್ತೊಂಬತ್ತಾದರೂ ಆ ನೋಟಕ್ಕೆ ವಯಸ್ಸಾಗಿರಲಿಲ್ಲ. ಹಾಳಾಗಲಿ, ನನ್ನ ಎದೆಗೂ ಆಗಿರಲಿಲ್ಲ.

"ಎರಡು ಅಂಗಡಿಯವರು ಆಗುವುದಿಲ್ಲ ಅಂದರು, ಕೃಷ್ಣರಾಜರೇ. ಇಲ್ಲದಿದ್ದರೆ ನಿಮ್ಮ ಬಾಗಿಲಿಗೆ ಬರುತ್ತಿರಲಿಲ್ಲ."

ನಾನು ಉಡುಪಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿ, ಹೋಟೆಲಿನಲ್ಲಿ ಟೇಬಲ್ ಒರೆಸಲು ಈ ಬಂಗಾಳಿ ಊರಿಗೆ ಬಂದವನು. ಸ್ಕ್ರೂ ತಿರುಗಿಸುತ್ತಾ ತಿರುಗಿಸುತ್ತಾ ಕಂಪ್ಯೂಟರ್ ಕಲಿತೆ. ಅವಳ ಅಪ್ಪನದು ಕೇಟರಿಂಗ್. ಆರು ವರ್ಷದ ಹಿಂದೆ ನಾನು ಇಲ್ಲಿನ ಕನ್ನಡಿಗರ ಹಿರಿಯ ಗುಂಡಪ್ಪನವರ ಕೈಲಿ ಅವಳ ಸಂಬಂಧ ಕೇಳಿಸಿದ್ದೆ. "ಯುಗಾದಿ ಊಟಕ್ಕೆ ಬಾ, ಅವಳ ಮನಸ್ಸು ಅಲ್ಲೇ ಗೊತ್ತಾಗ್ತದೆ," ಅಂದಿದ್ದರು.

ಗೊತ್ತಾಯಿತು. ಕನ್ನಡಿಗರ ಸಂಘದವರೆಲ್ಲ ಸಾಲಾಗಿ ಕೂತಿದ್ದಾಗ ಅವಳು ಹೋಳಿಗೆ ಬಡಿಸುತ್ತಾ ಬಂದಳು. ನನ್ನ ಎಡದವರಿಗೆ ಹಾಕಿದಳು, ಬಲದವರಿಗೆ ಹಾಕಿದಳು, ನನ್ನ ಎಲೆ ದಾಟಿ ಹೋದಳು. ಯಾರೋ ಕಿಸಕ್ಕನೆ ನಕ್ಕರು. ಪಂಕ್ತಿ ಮುಗಿಯುವ ಮೊದಲು ಏಳಬಾರದು ಅಂತ ಗೊತ್ತಿದ್ದೂ ನಾನು ಅರ್ಧ ಊಟದಲ್ಲಿ ಎದ್ದು ಬಂದೆ. ಮತ್ತೆ ಸಂಘದ ಕಡೆ ತಲೆ ಹಾಕಲಿಲ್ಲ.

"ಎಂತ ಉಂಟು ಇದರಲ್ಲಿ?" ಕೇಳಿದೆ.

"ಎಲ್ಲಾ. ನಿನ್ನೆ ನನ್ನ ಕಂಪ್ಯೂಟರ್ ಸತ್ತಿತು. ನಾಡಿದ್ದು ಜೋಕಾದಲ್ಲಿ ಮದುವೆ, ನಾನೂರು ಎಲೆ. ಯಾವ ಪಂಕ್ತಿಗೆ ಏನು, ಯಾರಿಗೆ ಏನು ಆಗದು, ಎಲ್ಲ ಇದರಲ್ಲೇ. ಅಪ್ಪ ಹೋದ ಮೇಲೆ ನಾನೊಬ್ಬಳೇ ಹಿಡಿದ ಮೊದಲ ದೊಡ್ಡ ಊಟ. ಇದು ಕೆಟ್ಟರೆ ನನ್ನನ್ನು ಯಾರೂ ಕರೆಯುವುದಿಲ್ಲ."

ಡ್ರೈವ್ ಚುಚ್ಚಿದೆ. ಗುರುತು ಸಿಗಲಿಲ್ಲ ಅಂತ ಪರದೆಯ ಮೂಲೆಯಲ್ಲಿ ಹಳದಿ ಚೀಟಿ ಬಂತು. ಕೇಬಲ್ ಬದಲಿಸಿದೆ, ಬೇರೆ ಕಂಪ್ಯೂಟರಿಗೆ ಹಾಕಿದೆ. ಅದೇ ಕಥೆ. ಭೂತಗನ್ನಡಿ ಹಿಡಿದು ಡ್ರೈವಿನ ತೂತು ನೋಡಿದೆ. ಒಳಗೆ ಗಂಧ ಒಣಗಿ, ಅದರ ಮೇಲೆ ಕುಂಕುಮ ಕೂತಿತ್ತು. ಮೊನ್ನೆಯ ಆಯುಧಪೂಜೆ! ಸೌಟು, ಗ್ರೈಂಡರ್ ಜೊತೆ ಇದಕ್ಕೂ ಬೊಟ್ಟಿಟ್ಟಿದ್ದಾಳೆ ಪುಣ್ಯಾತ್ಗಿತ್ತಿ. ಈ ಊರಿನ ರಿಪೇರಿಯವರಿಗೆ ಅದೆಲ್ಲಿ ಹೊಳೆಯಬೇಕು!

ಐದು ನಿಮಿಷದ ಕೆಲಸ.

"ಸತ್ತಿದೆ," ಅಂದೆ. "ನೋಡುವ. ಕೂತುಕೊಳ್ಳಿ."

ಒಂದು ಗಂಟೆ ಕೂರಿಸಿದೆ. ಆಮೇಲೆ ಬಂದವರ ಕೆಲಸವನ್ನೆಲ್ಲ ಮೊದಲು ಮಾಡಿದೆ. ಎದುರಿನ ಚಹಾ ಅಂಗಡಿಯ ದಾದಾ ಭಾಂಡ್ ಅನ್ನುವ ಮಣ್ಣಿನ ಲೋಟದಲ್ಲಿ ಚಹಾ ತಂದಾಗ ಎಲ್ಲರಿಗೂ ಕೊಡಿಸಿದೆ, ಅವಳನ್ನು ಬಿಟ್ಟು. ಅವಳಿಗೆ ಅರ್ಥವಾಯಿತು. ಬೇಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಕೂತೇ ಇದ್ದಳು. ಅವತ್ತು ನಾನು ಎದ್ದು ಹೋಗಿದ್ದೆ. ಇವಳು ಏಳಲಿಲ್ಲ.

ಅದು ನನಗೆ ಚುಚ್ಚಿತು. ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ತೂತು ತೊಳೆದೆ, ಆರಿಸಿ ಚುಚ್ಚಿದೆ. ಟಿಣ್ ಅಂತು. ಡ್ರೈವ್ ಗುರ್ರೆಂದು ತಿರುಗಿತು.

ಸರಿ ಉಂಟೋ ನೋಡಲು ಕೈಗೆ ಸಿಕ್ಕ ಫೈಲಿನ ಮೇಲೆ ಬೆರಳಿಟ್ಟೆ. ಯುಗಾದಿ ಪಂಕ್ತಿ ಅಂತ ಹೆಸರಿತ್ತು.

"ಅದು ಬೇಡ!" ಅವಳು ಕೌಂಟರ್ ಮೇಲೆ ಬಗ್ಗಿದಳು. "ಬೇರೆ ತೆಗೆಯಿರಿ."

ಬೇಡ ಅಂದದ್ದಕ್ಕೇ ತೆರೆದೆ. ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಸಾಲು ಸಾಲು ಹೆಸರು. ವೀರಭದ್ರ, ಸಕ್ಕರೆ ಬೇಡ. ರುಕ್ಮಿಣಿ, ಬದನೆ ಆಗದು. ಕೃಷ್ಣರಾಜ, ಕಾವಲಿಯ ಬಿಸಿ ಹೋಳಿಗೆ, ಬರಲಿಲ್ಲ. ಮುಂದಿನ ವರ್ಷದ್ದು ನೋಡಿದೆ. ಕೃಷ್ಣರಾಜ, ಬಿಸಿ ಹೋಳಿಗೆ, ಬರಲಿಲ್ಲ. ನಾನು ಎದ್ದು ಬಂದ ಮೇಲಿನ ಆರು ವರ್ಷವೂ.

"ಅವತ್ತು ಬುಟ್ಟಿಯಲ್ಲಿದ್ದದ್ದು ತಣ್ಣಗಾಗಿತ್ತು," ಅವಳು ಮೆಲ್ಲಗೆ ಶುರು ಮಾಡಿ ಜೋರಾದಳು. "ನಿಮಗೆ ಅಂತ ನಾನೇ ಕಾವಲಿ ಮೇಲೆ ಹಾಕಿದ್ದೆ. ತುಪ್ಪ ಹಾಕಿ ತಂದರೆ ಎಲೆಯಲ್ಲಿ ಅರ್ಧ ಅನ್ನ! ಅಡುಗೆಯವಳ ಮುಖಕ್ಕೆ ಉಗಿದ ಹಾಗೆ. 'ಊಟ ಬಿಟ್ಟು ಏಳುವವನಿಗೆ ಮಗಳನ್ನು ಕೊಡುವುದಿಲ್ಲ' ಅಂತ ಅಪ್ಪ ಹಟ ಹಿಡಿದರು. ಎರಡು ನಿಮಿಷ ಕೂರಲಿಕ್ಕೆ ಆಗಲಿಲ್ಲವಾ ನಿಮಗೆ?"

"ಡ್ರೈವ್ ಸತ್ತಿರಲಿಲ್ಲ," ಅಂದೆ. "ಸುಳ್ಳು ಹೇಳಿದೆ. ಉರಿಸಬೇಕು ಅಂತ ಕೂರಿಸಿದೆ."

"ಗೊತ್ತಾಯಿತು, ಚಹಾ ಬರುವಾಗಲೇ." ಡ್ರೈವ್ ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ತಿರುಗಿದಳು. ಅದೇ ಎಡ ಹುಬ್ಬು. "ನಾಡಿದ್ದು ಊಟಕ್ಕೆ ಬನ್ನಿ. ನನಗೂ ಸೇಡು ತೀರಿಸಿಕೊಳ್ಳುವುದುಂಟು."

ಹೋದೆ. ಗುಂಡಪ್ಪನವರ ಪಕ್ಕ ಕೂತೆ. ಅವಳು ಬುಟ್ಟಿ ಹಿಡಿದು ಬಂದಳು, ನನ್ನ ಕಣ್ಣಿಗೆ ಕಣ್ಣಿಟ್ಟು ಎಲೆ ದಾಟಿ ಹೋದಳು.

"ಏಳಬೇಡ ಮಾರಾಯ," ಗುಂಡಪ್ಪನವರು ನನ್ನ ಪಂಚೆ ಹಿಡಿದುಕೊಂಡರು.

ಏಳಲಿಲ್ಲ. ಪಾಯಸ ಬಂತು, ಮೊಸರು ಬಂತು, ಪಂಕ್ತಿಯವರೆಲ್ಲ ಎದ್ದರು. ಎಲೆ ತೆಗೆಯುವವರು ನನ್ನ ಎಲೆ ಬಿಟ್ಟು ಮುಂದೆ ಹೋದರು. ಇಡೀ ಚಪ್ಪರ ನೋಡುತ್ತಿತ್ತು. ಬೆವರಿದೆ, ಹಲ್ಲು ಕಡಿದೆ, ಕೂತೆ.

ಕೊನೆಗೆ ಬಂದಳು. ತಟ್ಟೆಯಲ್ಲಿ ಹೊಗೆಯಾಡುವ ಎರಡು ಹೋಳಿಗೆ. ಒಂದನ್ನು ನನ್ನ ಎಲೆಗೆ ಹಾಕಿ ತುಪ್ಪ ಸುರಿದಳು.

"ಸಿಟ್ಟು ಬಂತಾ?"

"ತುಂಬಾ."

"ಬರಲಿ. ನನಗೆ ಆರು ವರ್ಷ ಬಂದಿತ್ತು."

ಮತ್ತೆ ಬಡಿಸುವವರ ಕಡೆ ತಿರುಗಿ, "ಇಲ್ಲಿ ಇನ್ನೊಂದು ಎಲೆ ಹಾಕಿ," ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕ ಕೂತು, ಉಳಿದ ಹೋಳಿಗೆಯನ್ನು ತನ್ನ ಎಲೆಗೆ ಹಾಕಿಕೊಂಡಳು.

"ನಾನು ನಿಧಾನ ಉಣ್ಣುವವಳು," ಅಂದಳು. "ನಾನು ಮುಗಿಸುವ ತನಕ ಏಳುವ ಹಾಗಿಲ್ಲ."