ಮೂರು ಪಕ್ಷದ ಕಟ್ಟು

ಬಹಳ ಹಿಂದೆ, ಬೆಟ್ಟಗಳೂ ಇನ್ನೂ ಬೆಳೆಯುತ್ತಿದ್ದ ಕಾಲದಲ್ಲಿ, ಬಿಳಿಗೋಡು ಎಂಬ ರಾಜ್ಯವಿತ್ತು. ಅಲ್ಲಿ ಮನುಷ್ಯರ ಎಲುಬಿಗೆ ಕಿವಿಯಿಟ್ಟರೆ ಒಳಗೆ ಕೆಲಸ ನಡೆಯುವ ಸದ್ದು ಕೇಳುತ್ತಿತ್ತು. ಒಂದೊಂದು ಎಲುಬಿನಲ್ಲೂ ಕಣ್ಣಿಗೆ ಕಾಣದ ಗಾರೆಯವರ ಎರಡು ತಂಡ. ಒಂದು ತಂಡ ಹಳೆಯದನ್ನು ಕೆರೆದು ತೆಗೆಯುವುದು, ಇನ್ನೊಂದು ಹೊಸದನ್ನು ಮೆತ್ತುವುದು. ಹುಟ್ಟಿದಂದಿನಿಂದ ಸಾಯುವ ತನಕ ಅವರಿಗೆ ರಜೆಯಿಲ್ಲ.

ಆ ರಾಜ್ಯದ ದೊರೆ ತೀರಿಕೊಂಡಿದ್ದ. ಅವನಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷದ ಬಾಚಲೆ. ವಿಜಯದಶಮಿಯ ದಿನ ಅವಳು ಯಾರ ಕೈಯನ್ನೂ ಹಿಡಿಯದೆ ಸಿಂಹಾಸನದ ಏಳು ಮೆಟ್ಟಿಲು ಹತ್ತಬೇಕು. ಹತ್ತಲಾರದೆ ಹೋದರೆ ರಾಜ್ಯ ಮಾಯಾವಿ ಶಿಲಾಜಂಘನ ಪಾಲು. ಸಾಯುವ ದೊರೆಯಿಂದ ಅವನು ಪಡೆದುಕೊಂಡಿದ್ದ ವಚನ ಅದು. ದಶಮಿಗೆ ಸರಿಯಾಗಿ ನಲವತ್ತೈದು ದಿನವಿರುವಾಗ ಬಾಚಲೆ, ಬೇಡವೆಂದರೂ ಕೇಳದೆ, ಆನೆಲಾಯದ ಗೋಡೆ ಹತ್ತಿ ಬಿದ್ದಳು. ಬಲಗಾಲಿನ ಎಲುಬು ಮೊಣಕಾಲಿನ ಕೆಳಗೆ ಮುರಿದು ಎರಡಾಯಿತು.

ಎಲುಬು ಕಟ್ಟುವ ದುಗ್ಗಳೆಯನ್ನು ಕರೆಸಿದರು. ಅವಳು ಕಾಲನ್ನು ಎಳೆದು ಎಲುಬನ್ನು ನೇರ ಕೂರಿಸಿದಳು. ಉದ್ದಿನ ಹಿಟ್ಟನ್ನು ಮೊಟ್ಟೆಯ ಲೋಳೆಯಲ್ಲಿ ಕಲಸಿ, ಬಟ್ಟೆಗೆ ಸವರಿ ಸುತ್ತಿ, ನಾಲ್ಕು ಬಿದಿರ ದಬ್ಬೆಯಿಟ್ಟು ಬಿಗಿದಳು.

"ಮೂರು ಪಕ್ಷ, ನಲವತ್ತೈದು ದಿನ, ಬಿಚ್ಚುವ ಹಾಗಿಲ್ಲ. ಬಿಚ್ಚುವಾಗಲೂ ಕಟ್ಟಿದ ಕೈಯೇ ಬಿಚ್ಚಬೇಕು" ಎಂದಳು.

ಗಟ್ಟಿಯಾಗಿಯೇ ಹೇಳಿದಳು. ಆದರೆ ಒಳಗೆ ಅಳುಕಿತ್ತು. ಹಿಂದೊಮ್ಮೆ ತನ್ನ ಅಕ್ಕನ ಮುಂಗೈಗೆ ಅವಳು ಇಂಥದೇ ಕಟ್ಟು ಹಾಕಿದ್ದಳು. ಸರಿಯಾಗಿ ಕೂಡಿದೆಯೋ ಇಲ್ಲವೋ ಎಂಬ ಚಿಂತೆ ತಡೆಯಲಾರದೆ ಹದಿನೈದನೆಯ ದಿನ ಬಿಚ್ಚಿ ನೋಡಿದ್ದಳು. ನೋಡುವಷ್ಟರಲ್ಲಿ ಒಳಗಿನ ಹಸಿ ಗಾರೆ ಜಾರಿತು. ಅಕ್ಕನ ಕೈ ಇವತ್ತಿಗೂ ಸೊಟ್ಟ.

ಆ ಹೊತ್ತಿಗೆ ಶಿಲಾಜಂಘ ಬಂದ. ಅವನು ತನ್ನ ಎಲುಬುಗಳನ್ನೆಲ್ಲ ಕರಿಗಲ್ಲು ಮಾಡಿಕೊಂಡವನು. ಅರ್ಧ ಆಸ್ಥಾನಕ್ಕೂ ಕಲ್ಲೆಲುಬು ಕೊಟ್ಟಿದ್ದ. ತೆಗೆದುಕೊಂಡವರಿಗೆ ನೋವಿಲ್ಲ, ಸ್ವಂತ ಬುದ್ಧಿಯೂ ಇಲ್ಲ. ಮುಖ್ಯಮಂತ್ರಿಯ ಬೆನ್ನು ಹನ್ನೊಂದು ವರ್ಷದಿಂದ ಬಗ್ಗಿರಲೇ ಇಲ್ಲ.

"ಹಿಟ್ಟು, ಬಿದಿರು! ಇದೇನು ಅಡುಗೆಯ ಆಟವೋ? ಕಟ್ಟು ಬಿಚ್ಚು. ಗಳಿಗೆಯಲ್ಲಿ ಕಲ್ಲೆಲುಬು ಕೂರಿಸುತ್ತೇನೆ. ಇದರ ಗಟ್ಟಿತನ ನೋಡು" ಎಂದು ನೆಲಕ್ಕೆ ಕಾಲು ಅಪ್ಪಳಿಸಿದ. ಠಣ್! ಅರಮನೆ ನಡುಗಿತು.

"ಅದು ಬೆಳೆಯುತ್ತದೆಯೇ?" ಎಂದು ಬಾಚಲೆ ಮಲಗಿದಲ್ಲಿಂದಲೇ ಕೇಳಿದಳು.

"ಕಲ್ಲು ಬೆಳೆಯುವುದುಂಟೇ?"

"ಹಾಗಾದರೆ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. ಕುಂಟುಕೊಕ್ಕರೆ ರಾಣಿ! ನನಗೆ ಬೇಡ, ನೀವು ಹೋಗಿ."

ಅವನು ಹಲ್ಲು ಕಡಿದು ಹೋದ. ಕಟ್ಟಿದ ಕೈ ತಾನಾಗಿ ಬಿಚ್ಚುವ ತನಕ ಯಾವ ಮಂತ್ರವೂ ಕಟ್ಟಿನೊಳಗೆ ಇಳಿಯದು. ಆದ್ದರಿಂದ ಅವನು ಆ ಕೈಯನ್ನೇ ಅಲುಗಿಸಲು ಹೊರಟ.

ಏಳನೆಯ ದಿನ ಅವನು ಕಳಿಸಿದ ಕತ್ತೆಕಿರುಬವೊಂದು ಬಾಗಿಲಲ್ಲಿ ಬಂದು ಕುಳಿತು, ಮೂಗರಳಿಸಿ ನುಡಿಯಿತು: "ಕೊಳೆತ ವಾಸನೆ, ದುಗ್ಗಳೆ. ಒಳಗೆ ನಂಜೇರಿದೆ. ಬಿಚ್ಚಿ ನೋಡು."

ದುಗ್ಗಳೆ ತಟ್ಟನೆ ಬಗ್ಗಿದಳು. ಕಟ್ಟಿನಾಚೆ ಇಣುಕುತ್ತಿದ್ದ ಬೆರಳುಗಳನ್ನು ಮುಟ್ಟಿದಳು, ಬೆಚ್ಚಗಿದ್ದವು. ಹೆಬ್ಬೆರಳಿನ ಉಗುರನ್ನು ಒತ್ತಿಬಿಟ್ಟಳು. ಬಿಳಿಚಿದ್ದು ಮತ್ತೆ ಕೆಂಪಾಯಿತು.

"ನಂಜೇರಿದ ಕಾಲಿನಲ್ಲಿ ರಕ್ತ ಹೀಗೆ ಓಡಿ ಬರುವುದಿಲ್ಲ. ಆ ವಾಸನೆ ನಿನ್ನ ಬಾಯಿಯದು" ಎಂದಳು. ಕತ್ತೆಕಿರುಬ ಓಡಿತು.

ಇಪ್ಪತ್ತನೆಯ ದಿನ ಎಲುಬು ತಿನ್ನುವ ರಣಹದ್ದು ಕಿಟಕಿಯ ಮೇಲೆ ಇಳಿಯಿತು. "ಮುಗಿಲಿನಿಂದ ನನಗೆ ಎಲ್ಲವೂ ಕಾಣುತ್ತದೆ. ಎಲುಬು ಸೊಟ್ಟ ಕೂಡುತ್ತಿದೆ, ನಿನ್ನ ಅಕ್ಕನದರ ಹಾಗೆಯೇ. ಇವತ್ತು ಬಿಚ್ಚಿದರೆ ತಿದ್ದಬಹುದು. ನಾಳೆ ತಡವಾಗುತ್ತದೆ."

ಅಕ್ಕನ ಹೆಸರೆತ್ತಿದ್ದೇ ತಡ, ದುಗ್ಗಳೆಯ ಕೈ ಗಂಟಿನ ಮೇಲಿತ್ತು. ಬೆರಳು ನಡುಗುತ್ತಿದ್ದವು. ಒಂದು ಸುತ್ತು ಸಡಿಲವೂ ಆಯಿತು.

"ದುಗ್ಗಕ್ಕಾ! ನನಗೆ ಅಲ್ಲಾಡಬೇಡ ಅಂತ ಗದರುತ್ತೀಯಲ್ಲ, ಈಗ ಅಲ್ಲಾಡುತ್ತಿರುವವಳು ಯಾರು?" ಎಂದಳು ಬಾಚಲೆ.

ದುಗ್ಗಳೆ ನಾಚಿ ಕೈ ತೆಗೆದಳು. ಕಣ್ಣು ಮುಚ್ಚಿ ದಬ್ಬೆಗೆ ಕಿವಿಯಿಟ್ಟಳು. ಒಳಗೆ ಹಸಿ ಗಾರೆ ಮೆತ್ತುವ ಸದ್ದು, ಮೇಲಿನಿಂದ ಕೆಳಕ್ಕೆ, ಒಂದೇ ನೇರದಲ್ಲಿ. ಸುತ್ತನ್ನು ಮತ್ತೆ ಬಿಗಿದಳು. ರಣಹದ್ದು ಹಾರಿಹೋಯಿತು.

ನಲವತ್ತನಾಲ್ಕನೆಯ ದಿನ ಶಿಲಾಜಂಘನೇ ಬಂದ. ಜೊತೆಗೆ ಅತ್ತು ಕಣ್ಣು ಊದಿದ ರಾಜಮಾತೆ, ಬಾಚಲೆಯ ತಾಯಿ.

"ದುಗ್ಗಳೆ, ನಾಳೆಯೇ ದಶಮಿ. ಇವತ್ತು ಬಿಚ್ಚಿದರೆ ಮಗು ನಡೆದು ಅಭ್ಯಾಸ ಮಾಡೀತು. ಒಂದೇ ದಿನ ತಾನೇ, ತಾಯೀ?" ಎಂದು ರಾಜಮಾತೆ ಬೇಡಿದಳು.

"ಬಿಚ್ಚದಿದ್ದರೆ ನಿನ್ನ ಎರಡು ಕೈಯೂ ಹೋಗುತ್ತವೆ" ಎಂದ ಶಿಲಾಜಂಘ.

ದುಗ್ಗಳೆಗೆ ತನ್ನ ಕೈಗಳ ಮೇಲೆ ಆಸೆಯಿತ್ತು. ಅವೇ ಅವಳ ಅನ್ನ. ಆದರೂ ರಾಜಮಾತೆಗೆ ಕೈಮುಗಿದಳು. "ಅಮ್ಮಾ, ಮೂರು ಪಕ್ಷ ಎಂದರೆ ಮೂರು ಪಕ್ಷ. ಒಂದು ದಿನ ಮೊದಲು ಬಿಚ್ಚುವುದಾದರೆ ಕಟ್ಟಿದ್ದೇಕೆ?"

ಶಿಲಾಜಂಘ ಸಿಟ್ಟಿನಿಂದ ಕಾಲು ಅಪ್ಪಳಿಸಿದ. ಈ ಸಲ ಠಣ್ ಎನ್ನಲಿಲ್ಲ. ಬಿರುಕುಬಿಟ್ಟ ಮಡಕೆಯ ಹಾಗೆ ಠಪ್ ಎಂದಿತು. ಅದು ದುಗ್ಗಳೆಯ ಕಿವಿಗೆ ಮಾತ್ರ ಬಿತ್ತು.

ದಶಮಿಯ ಬೆಳಗ್ಗೆ ಆಸ್ಥಾನವೆಲ್ಲ ನೋಡುತ್ತಿರುವಾಗ ಅವಳು ಕಟ್ಟು ಬಿಚ್ಚಿದಳು. ಕಾಲು ಸೊರಗಿತ್ತು. ಮುರಿದ ಕಡೆ ಒಂದು ಗಂಟು ಉಬ್ಬಿತ್ತು. ಕಲ್ಲೆಲುಬಿನವರು ಗೊಳ್ಳೆಂದು ನಕ್ಕರು.

"ಈ ಗಂಟು ಏನು?" ರಾಜಮಾತೆ ಬಿಳಿಚಿದಳು.

"ಗಾರೆಯವರು ಮೊದಲು ಧಾರಾಳವಾಗಿ ಮೆತ್ತುತ್ತಾರಮ್ಮ. ನಡೆದ ಹಾಗೆಲ್ಲ ಹೆಚ್ಚಾದದ್ದನ್ನು ಕೆರೆದು ಸಮ ಮಾಡುತ್ತಾರೆ."

ಬಾಚಲೆ ಎದ್ದು ನಿಂತಳು. ಒಂದು ಮೆಟ್ಟಿಲು, ಎರಡು, ಮೂರು. ನಾಲ್ಕರಲ್ಲಿ ತುಟಿ ಕಚ್ಚಿದಳು. ಐದರಲ್ಲಿ ವಾಲಿದಳು. ದುಗ್ಗಳೆ ಮುಂದೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆರು. ಏಳು!

"ಮೋಸ!" ಎಂದು ಕಿರುಚಿ ಶಿಲಾಜಂಘ ಮೂರನೆಯ ಸಲ ಕಾಲು ಅಪ್ಪಳಿಸಿದ. ಕಾಲು ಮೊಣಕಾಲಿನ ತನಕ ಸೀಳಿತು. ಅವನು ದೊಪ್ಪನೆ ಬಿದ್ದ.

"ದುಗ್ಗಳೆ, ಕಟ್ಟು! ನನಗೂ ಕಟ್ಟು!"

ದುಗ್ಗಳೆ ಹೋಗಿ ಪಕ್ಕದಲ್ಲಿ ಕುಳಿತಳು. ಕಾಲಿಗೆ ಕಿವಿಯಿಟ್ಟಳು. ಒಳಗೆ ಯಾವ ಸದ್ದೂ ಇರಲಿಲ್ಲ.

"ನಡೆಯುವ ಕಾಲಿಗೆಲ್ಲ ದಿನವೂ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ನಮ್ಮದನ್ನು ಗಾರೆಯವರು ಅಂದಂದೇ ಮುಚ್ಚುತ್ತಾರೆ. ನಿನ್ನವರನ್ನು ನೀನೇ ಓಡಿಸಿದೆ. ನಾನು ಕಟ್ಟಬಲ್ಲೆ, ಕೂಡಿಸಲಾರೆ. ಕೂಡಿಕೊಳ್ಳುವುದು ಎಲುಬಿನ ಕೆಲಸ."

ಬಿರುಕು ತೊಡೆಗೇರಿತು, ಬೆನ್ನಿಗೇರಿತು. ಶಿಲಾಜಂಘ ಜಲ್ಲಿಯ ರಾಶಿಯಾದ. ಮಾಯೆ ಹರಿದು ಆಸ್ಥಾನದವರ ಕಲ್ಲೆಲುಬೆಲ್ಲ ಮತ್ತೆ ಎಲುಬಾಯಿತು. ಮುಖ್ಯಮಂತ್ರಿ ಹನ್ನೊಂದು ವರ್ಷದ ಮೇಲೆ ಬಗ್ಗಿ ಹೊಸ ರಾಣಿಗೆ ನಮಸ್ಕರಿಸಿ, "ಅಯ್ಯಯ್ಯೋ, ನನ್ನ ಸೊಂಟ!" ಎಂದು ಸಂತೋಷದಿಂದ ಅತ್ತ.

ಮುಂದಿನ ದಶಮಿಯ ಹೊತ್ತಿಗೆ ಕಾಲಿನ ಗಂಟು ಕರಗಿತ್ತು, ಬಾಚಲೆ ಮೂರು ಬೆರಳು ಎತ್ತರವಾಗಿದ್ದಳು, ಎರಡು ಕಾಲೂ ಒಂದೇ ಸಮ. ಆ ಜಲ್ಲಿಯನ್ನು ದುಗ್ಗಳೆಯ ಮನೆಯ ದಾರಿಗೆ ಹಾಸಿದರು. ಮುರಿದ ಕೈಕಾಲಿನವರು ಅದರ ಮೇಲೆ ಬಂದರು, ನೆಟ್ಟಗಾಗಿ ನಡೆದು ಹೋದರು. ಬಿಳಿಗೋಡಿನಲ್ಲಿ ಎಲ್ಲರೂ ಸುಖವಾಗಿದ್ದರು, ಗಾರೆಯವರ ಹೊರತು. ಅವರಿಗೆ ಇವತ್ತಿಗೂ ರಜೆ ಸಿಕ್ಕಿಲ್ಲ.