ಹಾರ್ಟ್‌ವುಡ್ ಮನೆತನದ ಹುಡುಗ

"ಕ್ಷಮಿಸಿ... ಈ ಥಾಮಸ್ ಹಾರ್ಟ್‌ವುಡ್ ನಿಮಗೆ ಏನಾಗಬೇಕು?"

"ಅಜ್ಜ. ಅಜ್ಜನ ಅಜ್ಜನ ಅಜ್ಜ... ಹಿಂದಕ್ಕೆ ಹೋಗ್ತಾನೇ ಇರಿ. ಸಾವಿರದ ಆರುನೂರ ಮೂವತ್ತರ ಸುಮಾರಿಗೆ ಹಡಗು ಹತ್ತಿ ಮ್ಯಾಸಚೂಸೆಟ್ಸ್‌ಗೆ ಬಂದವರು."

ನಿವೇದಿತಾ ಕಂಪ್ಯೂಟರಿನಿಂದ ತಲೆಯೆತ್ತಿ ನೋಡಿದಳು. ನೋಡಿದವಳೇ ಕಿಸಕ್ಕನೆ ನಕ್ಕುಬಿಟ್ಟಳು!

ನಗದೆ ಏನು ಮಾಡಿಯಾಳು? ಎದುರಿಗೆ ನಿಂತವನ ಬಣ್ಣ, ಕಣ್ಣು, ಗುಂಗುರು ಕೂದಲು... ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತ ನಿಂತಿರಬೇಕಾದ ಹುಡುಗ. ಅಮೆರಿಕಕ್ಕೆ ಮೊದಮೊದಲು ಬಂದ ಬಿಳಿಯರ ವಂಶ ತನ್ನದು ಅನ್ನುತ್ತಿದ್ದಾನೆ!

"ನಗಿ. ಎಲ್ಲರೂ ನಗ್ತಾರೆ," ಅಂದ ಅವನು ಇಂಗ್ಲಿಷಿನಲ್ಲೇ. ಮುಖ ಮಾತ್ರ ಬಾಡಿತು. "ನಾನು ದತ್ತುಮಗ. ಹುಬ್ಬಳ್ಳಿಯ ಅನಾಥಾಶ್ರಮದಿಂದ ನನ್ನನ್ನ ತಂದಿದ್ದು ಮಾರ್ಥಾ ಹಾರ್ಟ್‌ವುಡ್. ಅವರೇ ನನ್ನ ಅಮ್ಮ."

ನಿವೇದಿತಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹ್ಯೂಸ್ಟನ್ನಿನ ಆ ಗ್ರಂಥಾಲಯದಲ್ಲಿ ಜನ ತಮ್ಮ ವಂಶದ ಮೂಲ ಹುಡುಕಲು ಬರುತ್ತಾರೆ. ಶನಿವಾರ ಅವರಿಗೆ ನೆರವಾಗುವ ಕೆಲಸ ಅವಳು ಇಷ್ಟಪಟ್ಟು ವಹಿಸಿಕೊಂಡದ್ದು. ಅವತ್ತು ಮಾಡಿದ ತಪ್ಪಿಗೆ ಅವನ ಜೊತೆ ಸಂಜೆಯವರೆಗೂ ಕೂತು ಹುಡುಕಿದಳು. ಮುಂದಿನ ಶನಿವಾರ ಅವನು ಮತ್ತೆ ಬಂದ. ಅದರ ಮುಂದಿನ ಶನಿವಾರವೂ ಬಂದ. ಆಸ್ಟಿನ್ ಹತ್ತಿರದ ರೌಂಡ್ ರಾಕ್‌ನಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬರುತ್ತಿದ್ದದ್ದು ಸತ್ತ ಥಾಮಸಜ್ಜನಿಗಾಗಿ ಅಲ್ಲ ಅನ್ನುವುದು ಇಬ್ಬರಿಗೂ ಬೇಗ ಗೊತ್ತಾಯಿತು!

ಅವನ ಹೆಸರು ಅರವಿಂದ್. ಆಶ್ರಮದವರು ಇಟ್ಟ ಹೆಸರನ್ನು ಮಾರ್ಥಾ ಹಾಗೇ ಉಳಿಸಿಕೊಂಡಿದ್ದರು. ಡಲ್ಲಾಸಿನಲ್ಲಿದ್ದ ಆ ತಾಯಿಗೆ ಒಂದೇ ಆಸೆ. ಮೊದಲ ವಲಸಿಗರ ವಂಶಸ್ಥರದ್ದೇ ಒಂದು ಸಂಘವಿದೆ. ಥಾಮಸ್‌ನಿಂದ ತನ್ನವರೆಗೆ ಒಂದೊಂದು ತಲೆಮಾರನ್ನೂ ಸಾಬೀತು ಮಾಡಿ ಅದಕ್ಕೆ ಸೇರಬೇಕು, ತನ್ನ ಹೆಸರಿನ ಕೆಳಗೆ ಮಗನ ಹೆಸರೂ ಇರಬೇಕು.

ಕೊಂಡಿಗಳೆಲ್ಲ ಸಿಕ್ಕವು. ಆದರೆ ಸಂಘದವರು ಒಂದೇ ಮಾತು ಹೇಳಿದರು. ರಕ್ತಸಂಬಂಧ ಇರುವವರಿಗೆ ಮಾತ್ರ ಜಾಗ. ಮಾರ್ಥಾ ಬರಬಹುದು, ಅರವಿಂದ್ ಬರುವಂತಿಲ್ಲ.

ಅವತ್ತು ಅರವಿಂದ್ ಸಂಘದ ಮಾತನ್ನೇ ಬಿಟ್ಟು ಬೇರೆ ಮಾತು ತೆಗೆದ. "ನಾನು ನಿನ್ನನ್ನ ಮದುವೆ ಆಗಬೇಕು, ನಿವಿ. ನಿಮ್ಮ ಮನೆಯಲ್ಲಿ ಮಾತಾಡು," ಅಂದ.

 ನಿವೇದಿತಾಳಿಗೆ ಆದದ್ದು ಸಂತೋಷವಲ್ಲ... ಭಯ!

ಅವಳ ಅಪ್ಪ ಚನ್ನವೀರಪ್ಪ ಧಾರವಾಡದವರು. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಮನೆ ಕಟ್ಟಿ ಎಷ್ಟು ವರ್ಷವಾದರೇನು, ಮದುವೆ ಮಾತು ಬಂದರೆ ಅವರ ಮೊದಲ ಪ್ರಶ್ನೆ ಬೆಡಗಿನದು. ಬೆಡಗು ಅಂದರೆ ಕುಲದ ಬಳ್ಳಿ. ಒಂದೇ ಬೆಡಗಾದರೆ ಹುಡುಗ ಹುಡುಗಿ ಅಣ್ಣ ತಂಗಿಯ ಲೆಕ್ಕ, ಬೇರೆಯಾದರೆ ಮಾತು ಮುಂದಕ್ಕೆ. ಬೆಡಗೇ ಗೊತ್ತಿಲ್ಲ ಅಂದರೆ? ಅಂಥ ಸಂಬಂಧವನ್ನು ಅವಳು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ.

ಊಟಕ್ಕೆ ಕೂತಾಗ ಹೇಗೋ ಬಾಯಿಬಿಟ್ಟಳು.

"ಹುಡುಗಾ ಯಾರ ಪೈಕಿ?" ಅಪ್ಪ ಕೇಳಿಯೇ ಕೇಳಿದರು. "ಬೆಡಗು ಯಾವುದವಾ?"

 ಥಟ್ಟನೆ ಬಾಯಿಗೆ ಬಂದದ್ದು ಗದಗಿನ ಸೋದರತ್ತೆಯ ಗಂಡನ ಮನೆಯ ಬೆಡಗು. ಅದನ್ನೇ ಹೇಳಿಬಿಟ್ಟಳು!

"ನಮ್ಮ ಗದಗ ಕಡಿಯವ್ರಾ? ಅಪ್ಪ ಅವ್ವ ಎಲ್ಲಿರ್ತಾರ?"

"ತೀರಿಕೊಂಡಾರ್ರೀ ಅಪ್ಪಾ... ಮಾಮಾನ ಮನ್ಯಾಗ ಬೆಳದಾನ."

"ಪಾಪ!" ಅಂದರು ಅವ್ವ ಗಂಗವ್ವ. "ರವಿವಾರ ಊಟಕ್ಕ ಕರಿ."

ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು! ಅರವಿಂದನಿಗೆ ಮೊದಲೇ ಹೇಳಿಬಿಡಬೇಕು ಎಂದುಕೊಂಡಳು. ದಿನಾ ಫೋನ್ ಹಿಡಿದಳು, ದಿನಾ ಬೇರೇನೋ ಮಾತಾಡಿ ಇಟ್ಟಳು. ರವಿವಾರ ಬಂದೇ ಬಂತು.

ಅರವಿಂದ್ ಬಿಳಿ ಅಂಗಿ ತೊಟ್ಟು ಬಂದ. ಅವಳೇ ಕಲಿಸಿದ "ಆರಾಮ ಇದ್ದೀರೀ?" ಅನ್ನುವ ಮಾತನ್ನು ಬಾಗಿಲಲ್ಲೇ ಹೇಳಿ ಗಂಗವ್ವನ ಮನಸ್ಸು ಗೆದ್ದ. ರೊಟ್ಟಿ, ಎಣ್ಣೆಗಾಯಿ ಬಡಿಸಿದ್ದಾಯಿತು. ಚನ್ನವೀರಪ್ಪ ಇಂಗ್ಲಿಷಿನಲ್ಲಿ ಮಾತು ತೆಗೆದರು.

"ನಿಮ್ಮ ಗದಗಿನ ಮನೆತನದ ಬಗ್ಗೆ ನಿವಿ ಹೇಳಿದಳು. ಎಳೆ ವಯಸ್ಸಿನಲ್ಲೇ ತಂದೆ ತಾಯಿಯನ್ನ ಕಳಕೊಂಡಿರಂತೆ... ಬೇಜಾರಾಯಿತು."

ಅರವಿಂದನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನು ನಿವೇದಿತಾಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು.

'ಹೇಳಬೇಡ... ಇಲ್ಲ, ಹೇಳಿಬಿಡು... ಅಯ್ಯೋ, ಏನಾದರೂ ಅನ್ನು!'

ಅವನು ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡ, ಗಂಗವ್ವನಿಗೆ ಕೈಮುಗಿದ, ಹೊರಗೆ ಕಾರಿನ ಹತ್ತಿರ ನಡೆದ. ನಿವೇದಿತಾ ಹಿಂದೆಯೇ ಓಡಿದಳು.

"ಅರವಿಂದ್, ನನ್ನ ಮಾತು ಕೇಳು..."

"ಆ ಸಂಘದವರು ನಾನು ಅಮ್ಮನ ಮಗನೇ ಅಲ್ಲ ಅಂದ್ರು. ತಡ್ಕೊಂಡೆ," ಅಂದ ಅವನು. "ನೀನು ಅಮ್ಮನೇ ಇಲ್ಲ ಅಂದೆಯಲ್ಲ ನಿವಿ... ಅವರನ್ನ ಸಾಯಿಸಿಬಿಟ್ಟೆಯಲ್ಲ!"

ಕಾರು ಹೊರಟುಹೋಯಿತು. ಅವಳಿಗೆ ಅಳುವುದಕ್ಕೂ ಮುಖವಿರಲಿಲ್ಲ.

ಆ ವಾರವೆಲ್ಲ ಅವನು ಫೋನ್ ಎತ್ತಲಿಲ್ಲ. ಆಫೀಸಿನಲ್ಲಿ ಫೋನ್ ಸದ್ದಾದರೆ ಸಾಕು, ಅವನೇ ಇರಬಹುದೆಂದು ಓಡಿಹೋಗಿ ಎತ್ತುತ್ತಿದ್ದಳು.  ಅವನು ದೂರವಾದದ್ದಕ್ಕಿಂತ ಅವನ ಮಾತು ನಿಜವಾಗಿದ್ದದ್ದೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಕೊನೆಗೆ ಶನಿವಾರ ಬೆಳಿಗ್ಗೆ ಅಪ್ಪನ ಎದುರು ನಿಂತಳು.

"ಅಪ್ಪಾ, ನಾ ಸುಳ್ಳು ಹೇಳೀನಿ. ಅರವಿಂದಂದು ಯಾವ ಬೆಡಗೋ ಯಾರಿಗೂ ಗೊತ್ತಿಲ್ಲ. ಆಶ್ರಮದಿಂದ ದತ್ತಕ ತಗೊಂಡಾರ. ಅವ್ರ ಅವ್ವ ಅಮೆರಿಕದವ್ರು... ಜೀವಂತ ಅದಾರ. ನೀವು ಒಲ್ಲೆ ಅಂತೀರಂತ ಹೆದರಿ..."

ಗಂಗವ್ವ ಬಾಯಿಗೆ ಸೆರಗು ಹಿಡಿದರು. "ಏನು ಹುಡುಗಿ ನೀ! ಬದುಕಿದ್ದ ಹೆಣ್ಮಗಳನ್ನ..."

 ಚನ್ನವೀರಪ್ಪ ಎದ್ದು ಕೋಟು ಹಾಕಿಕೊಂಡರು.

"ಆ ಅವ್ವನ ಮನಿ ಎಲ್ಲೈತಿ?"

"ಡಲ್ಲಾಸಿನ್ಯಾಗ್ರೀ."

"ಗಾಡಿ ತಗಿ."

ಗಂಗವ್ವ ಮನೆಯಲ್ಲೇ ಉಳಿದರು; ದಾರಿಯುದ್ದಕ್ಕೂ ಅಪ್ಪ ಕಿಟಕಿಯ ಆಚೆಗೇ ನೋಡುತ್ತ ಕೂತರು. ಸ್ಟೀರಿಂಗ್ ಹಿಡಿದ ಅವಳ ತಲೆಯಲ್ಲಿ ಒಂದೇ ಯೋಚನೆ. 'ಅಲ್ಲಿಗೇ ಹೋಗಿ ಸಂಬಂಧ ಬೇಡ ಅಂತಾರೆ... ಆ ತಾಯಿಯ ಎದುರಿಗೇ!' ಕೇಳಲು ಧೈರ್ಯವಿಲ್ಲ, ಕೇಳದಿರಲು ಆಗುತ್ತಿಲ್ಲ. ಕಾಫಿಗೆ ನಿಲ್ಲಿಸಲೇ ಅಂದರೂ ಅವರು ಬೇಡವೆಂದು ತಲೆಯಾಡಿಸಿದರಷ್ಟೇ.

ಬಾಗಿಲು ತೆಗೆದದ್ದು ಅರವಿಂದ್. ವಾರಾಂತ್ಯಕ್ಕೆ ಅಮ್ಮನ ಮನೆಗೆ ಬಂದಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಕಣ್ಣು ತಿರುಗಿಸಿದ, ಚನ್ನವೀರಪ್ಪನವರನ್ನು ಮಾತ್ರ ಒಳಗೆ ಕರೆದು ಕೂರಿಸಿದ. ಮಾರ್ಥಾ ಬಂದರು. ತೆಳ್ಳನೆಯ ಹೆಂಗಸು, ಬೆಳ್ಳಗಿನ ಕೂದಲು.

"ಮೇಡಂ," ಚನ್ನವೀರಪ್ಪ ಇಂಗ್ಲಿಷಿನಲ್ಲೇ ಕೇಳಿದರು, "ಮಗಳನ್ನ ಕೊಡೋ ಮೊದಲು ನಾವು ಹುಡುಗನ ಮನೆತನ ಕೇಳ್ತೀವಿ. ನಿಮ್ಮದು ಯಾವ ಮನೆತನ?"

ಮಾರ್ಥಾ ಮಗನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಶುರುಮಾಡಿದರು. ಹಡಗು ಹತ್ತಿ ಬಂದ ಥಾಮಸ್, ಕಾಡು ಕಡಿದು ಹೊಲ ಮಾಡಿದ ಅವನ ಮಗ, ಕನೆಕ್ಟಿಕಟ್‌ಗೆ ಹೋದ ಮೊಮ್ಮಗ... ಹಾಗೇ ಇಳಿಯುತ್ತ ಟೆಕ್ಸಸ್‌ಗೆ ಬಂದ ಅಜ್ಜ, ಅಪ್ಪ, ತಾನು. ಚನ್ನವೀರಪ್ಪ ಕೈಕಟ್ಟಿ ಕೂತು ಅಷ್ಟನ್ನೂ ಕೇಳಿದರು.

"ನಿಮ್ಮ ಕೆಳಗೆ?"

ಮಾರ್ಥಾ ತಡವರಿಸಿದರು. "ಅರವಿಂದ್... ಆದರೆ ರಕ್ತ ಬೇರೆ, ಅವನ ಹೆಸರು ಬರೆಯೋ ಹಾಗಿಲ್ಲ ಅಂತ..."

"ಯಾರು ಹೇಳಿದ್ದು?" ಚನ್ನವೀರಪ್ಪನ ದನಿ ಏರಿತು. "ದತ್ತಕ ತಗೊಂಡ ಮೇಲೆ ಮುಗೀತು, ಮೇಡಂ. ತಗೊಂಡವರ ಮನೆತನವೇ ಮಗನ ಮನೆತನ. ನಮ್ಮಲ್ಲಿ ಅವರ ಬೆಡಗನ್ನೇ ಕೇಳ್ತೀವಿ. ನಮ್ಮಪ್ಪನೂ ನಮ್ಮ ಮನೆತನಕ್ಕೆ ದತ್ತಕ ಬಂದವರು. ನಾನು ಇವತ್ತು ಹೇಳ್ಕೊಳ್ಳೋ ಬೆಡಗು ಅವರನ್ನ ತಗೊಂಡವರದ್ದು. ನಿಮ್ಮ ಮನೆತನ ನಮಗೆ ಒಪ್ಪಿಗೆ."

ನಿವೇದಿತಾ ಬೆಚ್ಚಿದಳು. "ಅಪ್ಪಾ! ಅಜ್ಜ ದತ್ತಕ ಬಂದವ್ರಾ? ನನಗ ಯಾರೂ ಹೇಳಿಲ್ಲ!"

"ಹೇಳೂದೇನೈತಿ ಅದ್ರಾಗ?" ಅಂದರು ಅಪ್ಪ. "ನಿಮ್ಮಜ್ಜ ನಮ್ಮ ಮನಿ ಮಗ. ಅಷ್ಟ."

ಮಾರ್ಥಾ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡರು. ಅರವಿಂದ್ ಅವರ ಭುಜ ಹಿಡಿದು ನಿಂತ. ಅವನ ಕಣ್ಣೂ ತುಂಬಿತ್ತು.

ನಿವೇದಿತಾ ಆ ತಾಯಿಯ ಕಾಲ ಬಳಿ ಕುಸಿದು ಕೂತಳು. "ನೀವು ಇಲ್ಲ ಅಂತ ಹೇಳಿದವಳು ನಾನು. ನನ್ನನ್ನ ಕ್ಷಮಿಸಿ..."

"ಗೊತ್ತು ಮಗು," ಮಾರ್ಥಾ ಅವಳ ತಲೆ ಸವರಿದರು. "ನಿನಗೆ ಎಷ್ಟು ಭಯ ಆಗಿರಬೇಕು ಅಂತ ಇವನಿಗೆ ಹೇಳ್ತಾನೇ ಇದ್ದೆ. ಇವನು ಹಾರ್ಟ್‌ವುಡ್... ಹಠಮಾರಿ!"

ಹಿರಿಯರಿಬ್ಬರೂ ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದರು. ಉಳಿದವರು ಇವರಿಬ್ಬರು. ಅವನು ಕಿಟಕಿಯ ಕಡೆ, ಇವಳು ಬಾಗಿಲ ಕಡೆ.

"ಇನ್ನೊಂದು ಸಲ ಸುಳ್ಳು ಹೇಳಬೇಡ ನಿವಿ," ಅಂದ ಕೊನೆಗೆ.

"ಭಯ ಆದ್ರೆ ಏನು ಮಾಡ್ಲಿ?"

"ಭಯ ಆಗ್ತಿದೆ ಅಂತಲೇ ಹೇಳು. ನನಗೇ ಹೇಳು."

"ಈಗ ಆಗ್ತಿದೆ."

"ಈಗ ಯಾಕೆ? ಎಲ್ಲರೂ ಒಪ್ಪಿದ್ರಲ್ಲ!"

"ನೀನು ಇನ್ನೂ ನನ್ನ ಕೈ ಹಿಡಿದಿಲ್ಲ..."

ಅವನು ಹತ್ತಿರ ಬಂದು ಅವಳ ಕೈ ಹಿಡಿದುಕೊಂಡ.